ಸೀಲಿಂಗ್ ಲೈಟ್ ಕಳಚಿ ಬರ್ತಿಲ್ವಾ? ಮೊದಲು ಬಣ್ಣ ಬಿಡಿಸಿ

ಫಾಲ್ಸ್ ಸೀಲಿಂಗ್ ಲೈಟ್ ಕೆಟ್ಟಿದೆ. ಹೊಸದು ತಂದಾಗಿದೆ. ಹಳೆಯದು ಮಾತ್ರ ಜಪ್ಪಯ್ಯ ಅಂದರೂ ಬರುತ್ತಿಲ್ಲ. ತುಮಕೂರಿನ ನಮ್ಮ ಮನೆಯಲ್ಲಿ ಹೋದ ವರ್ಷ ಹೀಗೇ ಆಯಿತು. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯಷ್ಟು ಅಗಲದ ದುಂಡನೆ ಲೈಟ್. ಸ್ಕ್ರೂಡ್ರೈವರ್ ತೂರಿಸಿ ಮೀಟಿದೆ. ಲೈಟ್ ಅಲ್ಲೇ ಉಳಿಯಿತು, ಸೀಲಿಂಗಿನ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಅಂಗೈ ಅಗಲದ ಚಕ್ಕೆಯಾಗಿ ಸೋಫಾ ಮೇಲೆ ಬಿತ್ತು. ಆಮೇಲೆ ಬಂದ ಎಲೆಕ್ಟ್ರಿಷಿಯನ್ ಅಂಚಿನ ಸುತ್ತ ಒಮ್ಮೆ ಬ್ಲೇಡ್ ಆಡಿಸಿ, ಕೈಯಲ್ಲೇ ಇಳಿಸಿಬಿಟ್ಟರು. "ಲೈಟ್ ಏನೂ ಸಿಗಾಕ್ಕೊಂಡಿಲ್ಲ ಮೇಡಂ, ಬಣ್ಣ ಹಿಡ್ಕೊಂಡಿದೆ" ಅಂದರು.

ನಿಜ ಅಲ್ವಾ? ಲೈಟ್ ಹಾಗೇ ಇಟ್ಟು ಸೀಲಿಂಗಿಗೆ ಬಣ್ಣ ಹೊಡೆಸುತ್ತೇವೆ. ಅಂಚಿನ ಸಂದಿಗೆ ಬಣ್ಣ, ಪುಟ್ಟಿ ಇಳಿದು ಗಟ್ಟಿಯಾಗುತ್ತದೆ. ಒಳಗೆ ಲೈಟನ್ನು ಹಿಡಿದಿರುವುದು ಎದುರುಬದುರು ಇರುವ ಎರಡು ಸ್ಪ್ರಿಂಗ್ ಮಾತ್ರ. ಕೂರಿಸುವಾಗ ಅವನ್ನು ಮೇಲಕ್ಕೆ ಮಡಚಿ ತೂತಿನೊಳಗೆ ಬಿಡುತ್ತಾರೆ. ಒಳಗೆ ಹೋದ ಮೇಲೆ ರೆಕ್ಕೆಯಂತೆ ಬಿಚ್ಚಿಕೊಂಡು ಬೋರ್ಡಿನ ಮೇಲೆ ಕೂರುತ್ತವೆ. ಅಂದರೆ ನೇರ ಕೆಳಕ್ಕೆ ಇಳಿಸಿದರೆ ಮತ್ತೆ ಮಡಚಿಕೊಂಡು ಬರಲೇಬೇಕು.

ಮೇನ್ ಆಫ್ ಮಾಡಿದರೆ ಸಾಲದು

ಗೋಡೆಯ ಸ್ವಿಚ್ ನಂಬಬೇಡಿ. ಕೆಲವು ಮನೆಗಳಲ್ಲಿ ಸ್ವಿಚ್ಚನ್ನು ಕರೆಂಟ್ ತರುವ ವೈರಿನ ಬದಲು, ಅದು ವಾಪಸ್ ಹೋಗುವ ನ್ಯೂಟ್ರಲ್ ವೈರಿಗೆ ಕೊಟ್ಟಿರುತ್ತಾರೆ. ಸ್ವಿಚ್ ಆಫ್ ಆದರೂ ಲೈಟಿನ ತನಕ ಕರೆಂಟ್ ಇರುತ್ತದೆ. ಎಂಸಿಬಿ (ಆ ಲೈನಿನ ಸುರಕ್ಷತಾ ಸ್ವಿಚ್) ಇಳಿಸಿ, ಮೇನ್ ತೆಗೆಯಿರಿ.

ಅಷ್ಟಕ್ಕೇ ನಿಲ್ಲಬೇಡಿ. ಮನೆಯಲ್ಲಿ ಯುಪಿಎಸ್ ಇದೆಯಾ? ಮೇನ್ ತೆಗೆದ ಕೂಡಲೇ ಕರೆಂಟ್ ಹೋಯಿತು ಎಂದು ಅದು ಬ್ಯಾಟರಿಯಿಂದ ಅದೇ ಲೈನಿಗೆ 230 ವೋಲ್ಟ್ ಕೊಡುತ್ತದೆ. ಅದರ ಸ್ವಿಚ್ಚೂ ಆಫ್ ಆಗಬೇಕು. ಇದೊಂದನ್ನು ದಯವಿಟ್ಟು ಮರೆಯಬೇಡಿ. ಟೆಸ್ಟರ್ ಸರಿ ಇದೆಯಾ ಅಂತ ಮೇನ್ ತೆಗೆಯುವ ಮೊದಲೇ ಒಂದು ಪ್ಲಗ್ಗಿನಲ್ಲಿ ನೋಡಿಕೊಳ್ಳಿ. ಉರಿಯುತ್ತಿದ್ದ ಲೈಟಾದರೆ ತಣ್ಣಗಾಗಲು ಹದಿನೈದು ನಿಮಿಷ ಬಿಡಿ. ಅಲುಗಾಡದ ಏಣಿ ಇರಲಿ, ಕೆಳಗೆ ಹಿಡಿದುಕೊಳ್ಳಲು ಒಬ್ಬರು ಇರಲಿ. ಹಗಲಲ್ಲೇ ಮಾಡಿ.

ಬಿಡಿಸುವ ಕೆಲಸ

ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಪುಡಿ ನೇರ ಮುಖಕ್ಕೇ ಬೀಳುತ್ತದೆ. ಕಟರ್ ಬ್ಲೇಡನ್ನು ಒಂದೆರಡು ಮಿಲಿಮೀಟರ್ ಮಾತ್ರ ಹೊರಗೆ ತೆಗೆಯಿರಿ. ಲೈಟಿನ ಅಂಚು ಸೀಲಿಂಗಿಗೆ ತಾಗುವ ಗೆರೆಯಲ್ಲಿ ನಿಧಾನಕ್ಕೆ ಸುತ್ತ ಎಳೆಯಿರಿ. ಒಂದೇ ಸಲ ಒತ್ತಿ ಕೊಯ್ಯಬೇಡಿ. ಮೂರ್ನಾಲ್ಕು ಸುತ್ತು ಹಗುರವಾಗಿ ಬಂದರೆ ಬಣ್ಣದ ಪದರ ತೆಳು ದಾರದಂತೆ ಎದ್ದು ಬರುತ್ತದೆ. ಆಗ ಸಂದಿ ಬಿಟ್ಟಿತು ಅಂತ ಅರ್ಥ.

ಈಗ ಪುಟ್ಟಿ ಹಚ್ಚುವ ತೆಳು ಪಟ್ಟಿಯನ್ನು ಆ ಸಂದಿಗೆ ತೂರಿಸಿ. ಸೀಲಿಂಗ್ ಕಡೆಗೆ ಒಂದು ಹಳೆಯ ಎಟಿಎಂ ಕಾರ್ಡ್ ಇಟ್ಟುಕೊಳ್ಳಿ. ಮೀಟುವ ಭಾರ ಕಾರ್ಡಿನ ಮೇಲೆ ಹರಡುತ್ತದೆ, ಪಿಒಪಿ ಉದುರುವುದಿಲ್ಲ. ಅಂಚು ಎಲ್ಲಿ ಸಡಿಲವಾಗಿ ಇಳಿಯುತ್ತದೋ ಅಲ್ಲಿ ಸ್ಪ್ರಿಂಗ್ ಇಲ್ಲ. ಬಿಗಿ ಇರುವ ಎರಡು ಕಡೆ ಬೆರಳು ಕೊಟ್ಟು ಸಮನಾಗಿ ಇಳಿಸಿ. ಸ್ಪ್ರಿಂಗ್ ಹೊರಬರುವಾಗ ಪಟ್ ಎಂದು ಬಡಿಯುತ್ತದೆ. ಅದಕ್ಕೇ ಕಂಡ ಕೂಡಲೇ ಬೆರಳಲ್ಲಿ ಮೇಲ್ಮುಖವಾಗಿ ಹಿಡಿದುಕೊಳ್ಳಬೇಕು.

ಅರ್ಧ ಇಂಚು ಇಳಿದು ನಿಂತುಬಿಟ್ಟರೆ ಟಾರ್ಚ್ ಬಿಟ್ಟು ನೋಡಿ. ಸ್ಪ್ರಿಂಗ್ ತುದಿ ಪಿಒಪಿ ಉಂಡೆಗೋ ಕಬ್ಬಿಣದ ಚಾನೆಲ್‌ಗೋ ತಗುಲಿರಬಹುದು. ಮತ್ತೆ ಮೇಲಕ್ಕೆ ತಳ್ಳಿ, ದುಂಡನೆ ಲೈಟಾದರೆ ಸ್ವಲ್ಪ ತಿರುಗಿಸಿ ಇಳಿಸಿ. ಕಾಲು ಸುತ್ತಿಗಿಂತ ಜಾಸ್ತಿ ಬೇಡ, ವೈರ್ ತಿರುಚಿಕೊಳ್ಳುತ್ತದೆ. ತುಕ್ಕು ಬಿಡಿಸಲು ಎಣ್ಣೆ ಸಿಂಪಡಿಸುವವರಿದ್ದಾರೆ. ಬೇಡ. ಪಿಒಪಿ ಎಣ್ಣೆ ಹೀರುತ್ತದೆ, ಮೇಲೆ ಬಣ್ಣ ಹೊಡೆದರೂ ಕಲೆ ಮತ್ತೆ ಮೂಡುತ್ತದೆ.

ಲೈಟ್ ಕೈಗೆ ಬಂದ ಮೇಲೆ ವೈರ್ ಜಗ್ಗಬೇಡಿ. ಎರಡೂ ವೈರಿನಲ್ಲಿ ಕರೆಂಟ್ ಇಲ್ಲ ಅಂತ ಟೆಸ್ಟರಿನಲ್ಲಿ ನೋಡಿ, ಆಮೇಲೆ ಕನೆಕ್ಟರ್ ಬಿಡಿಸಿ. ಲೈಟಿಗೆ ಸೇರಿದ ಪುಟ್ಟ ಡಬ್ಬಿಯೇ ಡ್ರೈವರ್, ಮನೆಯ ಕರೆಂಟನ್ನು ಲೈಟಿಗೆ ಬೇಕಾದಂತೆ ಬದಲಿಸಿಕೊಡುವುದು ಅದೇ. ಎಷ್ಟೋ ಸಲ ಕೆಟ್ಟಿರುವುದು ಅದೊಂದೇ. ಅದರ ಮೇಲೆ ಬರೆದ ವೋಲ್ಟ್, ಮಿಲಿಆಂಪ್ ಎರಡೂ ಹೊಂದುವ ಡ್ರೈವರ್ ಸಿಕ್ಕಿದರೆ ಹೊಸ ಲೈಟೇ ಬೇಕಿಲ್ಲ.

ಲೈಟೇ ಕೊಳ್ಳುವುದಾದರೆ ಹಳೆಯದನ್ನು ಅಂಗಡಿಗೆ ಒಯ್ಯಿರಿ. ಎರಡು ಕಂಪನಿಗಳ 12 ವಾಟ್ ಲೈಟಿಗೆ ಒಂದೇ ಅಳತೆಯ ತೂತು ಬೇಕು ಅಂತೇನಿಲ್ಲ. ತೂತಿನ ಅಗಲವನ್ನೂ ಟೇಪಿನಲ್ಲಿ ಅಳೆದು ಬರೆದುಕೊಳ್ಳಿ.

ಲೈಟಿನ ಸುತ್ತ ನೀರಿನ ಕಲೆ ಇದ್ದರೆ, ವೈರ್ ಸುಟ್ಟ ವಾಸನೆ ಬಂದರೆ, ಸೀಲಿಂಗೇ ಅಲುಗಾಡಿದರೆ ಕೈ ಹಾಕಬೇಡಿ. ಎಲೆಕ್ಟ್ರಿಷಿಯನ್ ಕರೆಸಿ.

ಮುಂದಿನ ಸಲ ಬಣ್ಣ ಹೊಡೆಸುವಾಗ ಪೇಂಟರ್‌ಗೆ ಮೊದಲೇ ಹೇಳಿ: ಲೈಟ್ ಇಳಿಸಿಟ್ಟು ಹೊಡೆಯಲಿ, ಆಗದಿದ್ದರೆ ಅಂಚಿಗೆ ಮಾಸ್ಕಿಂಗ್ ಟೇಪ್ ಸುತ್ತಿ, ಬಣ್ಣ ಪೂರ್ತಿ ಒಣಗುವ ಮೊದಲೇ ಟೇಪ್ ಕೀಳಲಿ.