ಲೆಸ್ಟರ್ ಯಂಗ್‌ನ 64 ಬಾರ್, ಮೊದ್ಲು ಬಾಯಲ್ಲಿ ಆಮೇಲೆ ಸ್ಯಾಕ್ಸಲ್ಲಿ – ನನ್ನ ಅನುಭವ

ಕಳೆದ ತಿಂಗಳು ಬೆಂಗಳೂರಲ್ಲಿ ಪಿಯಾನೋ ನುಡಿಸುವ ಗೆಳೆಯರೊಬ್ಬರ ಮನೆಯಲ್ಲಿ ಅಮೆರಿಕದ ಜಾಝ್ ಸ್ಯಾಕ್ಸ್ ವಾದಕ ಲೆಸ್ಟರ್ ಯಂಗ್‌ನ ಲೇಡಿ ಬಿ ಗುಡ್ ಹಾಡಿನ ಸೋಲೋ, ಪೂರಾ ಎರಡು ಕೋರಸ್ (ಹಾಡಿನ ಎರಡು ಸುತ್ತು, ಒಟ್ಟು 64 ಬಾರ್, ಒಂದು ಬಾರ್ ಅಂದ್ರೆ ನಾಲ್ಕು ಪೆಟ್ಟು) ರೆಕಾರ್ಡಿನ ಜೊತೆಗೇ, ಅದೇ ಸ್ಪೀಡಲ್ಲಿ ನುಡಿಸಿದೆ. ಎರಡು ವರ್ಷದ ಹಿಂದೆ ಇದೇ ಗೆಳೆಯರು "ಸರಿಗಮ ಹಾಡ್ಕೊಂಡು ಜಾಝ್ ಬರುದಿಲ್ಲ ಮಾರಾಯ್ರೇ, ಸ್ಟಾಫ್ ನೊಟೇಶನ್ ಕಲೀರಿ" (ಪಾಶ್ಚಾತ್ಯರ ಐದು ಗೆರೆಯ ಸ್ವರಲಿಪಿ) ಅಂದದ್ದು. ಮುಗಿದ ಮೇಲೆ ಅವರು "ಇನ್ನೊಂದ್ಸಲ" ಅಂದ್ರು, ಅಷ್ಟು ಸಾಕು ನಂಗೆ.

ನಾನು ಮದುವೆ, ದೇವಸ್ಥಾನದ ಸೆಟ್ಟಲ್ಲಿ ಆಲ್ಟೋ ಸ್ಯಾಕ್ಸ್ ನುಡಿಸುವವ. ಕದ್ರಿ ಗೋಪಾಲನಾಥರು 1980ರಲ್ಲಿ ಬಾಂಬೆ ಜಾಝ್ ಫೆಸ್ಟಿವಲಲ್ಲಿ ಅಮೆರಿಕದ ಸ್ಯಾಕ್ಸ್ ವಾದಕ ಜಾನ್ ಹ್ಯಾಂಡಿ ಜೊತೆ ಕೂತು ನುಡಿಸಿದ್ದು ನಮ್ಮ ಕಡೆ ಸ್ಯಾಕ್ಸ್ ಹಿಡಿದವರಿಗೆಲ್ಲ ಗೊತ್ತುಂಟು, ನನ್ನ ಹುಚ್ಚು ಶುರುವಾದದ್ದೂ ಆ ಕಥೆ ಕೇಳಿಯೇ. ಆದ್ರೆ ಮನಸ್ಸು ನಿಂತದ್ದು ಲೆಸ್ಟರ್ ಹತ್ರ. 1936ರ ಶಿಕಾಗೋ ರೆಕಾರ್ಡಿಂಗ್, ಪಿಯಾನೋದಲ್ಲಿ ಕೌಂಟ್ ಬೇಸಿ, ಲೆಸ್ಟರ್‌ಗೆ ಅದೇ ಮೊದಲ ರೆಕಾರ್ಡಿಂಗ್. ಮೊದಲ ಸಲಕ್ಕೇ ಒಬ್ಬ ಮನುಷ್ಯ ಹಾಗೆ ನುಡಿಸ್ತಾನೆ ಅಂದ್ರೆ! ಮುಂದೆ ಜಾಝಿನ ದೊಡ್ಡ ಆಲ್ಟೋ ವಾದಕನಾದ ಚಾರ್ಲಿ ಪಾರ್ಕರ್ ಹುಡುಗನಾಗಿದ್ದಾಗ 1937ರಲ್ಲಿ ಅಮೆರಿಕದ ಓಝಾರ್ಕ್ ಬೆಟ್ಟದ ಕಡೆ ಕೆಲಸಕ್ಕೆ ಹೋಗಿ, ಲೆಸ್ಟರ್‌ನ ರೆಕಾರ್ಡ್ ಕೇಳಿ ಕೇಳಿಯೇ ಅವನ ಸೋಲೋ ಕಲ್ತದ್ದು. ಅವನಿಗೆ ಸಾಕಾದ್ದು ನಂಗೂ ಸಾಕು ಅಂತ ಹಠ.

ಮೊದಲ ಆರು ತಿಂಗಳು ದಂಡ. ದುಡ್ಡೂ ದಂಡ. ಅಗ್ಗಕ್ಕೆ ಸಿಕ್ತು ಅಂತ ತಗೊಂಡ ಆಲ್ಟೋ ಸುಮಾರು 24 ಸಾವಿರ, ಒಂದೇ ಮಳೆಗಾಲಕ್ಕೆ ತೂತು ಮುಚ್ಚುವ ಪ್ಯಾಡ್ ಉಬ್ಬಿ ಗಾಳಿ ಸೋರ್ಲಿಕ್ಕೆ ಶುರು, ರಿಪೇರಿಗೆ ಮತ್ತೆ ಒಂಬತ್ತೋ ಹತ್ತೋ ಸಾವಿರ, ರೀಡಿನ (ಬಾಯಿಗಿಡುವ ತೆಳು ಪಟ್ಟಿ) ಲೆಕ್ಕ ಇಟ್ಟಿಲ್ಲ, ಆಟಿ ತಿಂಗಳ ಮಳೆಯಲ್ಲಿ ಬೂಸ್ಟು ಹಿಡಿದು ಬಿಸಾಡಿದ್ದೇ ಒಂದು ಬಾಕ್ಸ್ ಆಗ್ಬಹುದು. ನುಡಿಸುದ್ರಲ್ಲಿ ದೊಡ್ಡ ತೊಂದರೆ ಗಮಕ. ಗಾಂಧಾರಕ್ಕೆ ಬಂದ ಕೂಡ್ಲೇ ಅದಾಗೇ ಅಲುಗಾಡ್ತದೆ, ಇಪ್ಪತ್ತು ವರ್ಷದ ಅಭ್ಯಾಸ ಅಲ್ವಾ. ಲೆಸ್ಟರ್ ಸ್ವರ ನೆಟ್ಟಗೆ ನಿಲ್ಲಿಸ್ತಾನೆ, ಕೊನೆಗೆ ಬೇಕಾದ್ರೆ ಸ್ವಲ್ಪ ನಡುಗಿಸ್ತಾನೆ. ಸ್ವಿಂಗ್ (ಜಾಝಿನ ತೂಗುವ ಲಯ) ಅಂದ್ರೆ ತಿಸ್ರ, ಒಂದು ತಾಳದ ಪೆಟ್ಟಲ್ಲಿ ಮೂರು ಭಾಗ ಅಂತ ಲೆಕ್ಕ ಹಾಕಿ ನುಡಿಸಿದ್ದು ಇನ್ನೊಂದು ತಪ್ಪು, ಕೇಳ್ಲಿಕ್ಕೆ ರಥೋತ್ಸವದ ಹಾಗಾಯ್ತು. ಆ ಸ್ಪೀಡಲ್ಲಿ ಅವನ ಸ್ವರಗಳು ಹೆಚ್ಚುಕಮ್ಮಿ ಸಮವಾಗಿಯೇ ಓಡ್ತವೆ, ಮಜಾ ಇರುದು ತಾಳಕ್ಕಿಂತ ಕೂದಲಷ್ಟು ಹಿಂದೆ ಬೀಳುದ್ರಲ್ಲಿ.

ಆಮೇಲೆ ಸ್ಯಾಕ್ಸ್ ಪೆಟ್ಟಿಗೆಗೆ ಹಾಕಿ ಮೂರು ತಿಂಗಳು ಬರೀ ಹಾಡಿದೆ. ರೆಕಾರ್ಡ್ ಅರ್ಧ ಸ್ಪೀಡಿಗೆ ಇಳಿಸಿದ್ರೆ ಒಂದು ಸ್ಥಾಯಿ ಕೆಳಗೆ ಹೋಗ್ತದೆ, ನಾವು ಮೇಲೆ ಹಾಡ್ಕೊಳ್ಬೇಕು. ಆದಿತಾಳ ಬಿಟ್ಟು ಬಾರಿನ ಎರಡನೇ, ನಾಲ್ಕನೇ ಪೆಟ್ಟಿಗೆ ಮಾತ್ರ ಚಪ್ಪಾಳೆ. ದಿನಕ್ಕೆ ಎಂಟು ಬಾರ್, ಕೆಲವು ದಿನ ಎರಡೇ. ಹಾಡಿನ ಸಾಹಿತ್ಯವನ್ನೂ ಬಾಯಿಪಾಠ ಮಾಡಿದೆ, ಯಾಕಂದ್ರೆ ಹಾಡು ನುಡಿಸುವವನಿಗೆ ಅದರ ಸಾಹಿತ್ಯ ಗೊತ್ತಿರ್ಬೇಕು ಅಂತ ಲೆಸ್ಟರ್ ಸ್ವತಃ ಹೇಳ್ತಿದ್ದ. ನಮ್ಮ ಗುರುಗಳು ಬೈದು ಕಲಿಸಿದ್ದೂ ಅದೇ ಮಾತು! ಅದು ಗೊತ್ತಾದ ದಿನ ನಂಗೆ ಕಣ್ಣಲ್ಲಿ ನೀರು ಬಂದದ್ದು ಸತ್ಯ.

ನಡುವೆ ಪಾರ್ಕರ್‌ನ 1945ರ ಕೋ ಕೋ ಅನ್ನುವ ರೆಕಾರ್ಡಿಗೆ ಕೈ ಹಾಕಿ ಒಂದು ತಿಂಗಳು ಹೋಯ್ತು, ಬಾಯಿ ತಿರುಗ್ಲೇ ಇಲ್ಲ, ಬಿಟ್ಟೆ. ಸ್ಯಾಕ್ಸ್ ಪೆಟ್ಟಿಗೆಗೆ ಹಾಕುವ ಮೊದ್ಲು ಬಾವಿಕಟ್ಟೆ ಹತ್ರ ನಿಂತು ನೀರಿನ ಕಡೆಗೆ ನುಡಿಸಿಯೂ ನೋಡಿದೆ, ಉಸಿರಿನ ಶಬ್ದ ಎಷ್ಟು ಜಾಸ್ತಿ ಅಂತ ಚೆನ್ನಾಗಿ ಗೊತ್ತಾಗ್ತದೆ, ಮಾಡಿ ನೋಡಿ.

ಪುನಃ ವಾದ್ಯ ಹಿಡಿದ ಮೇಲೆ ಆಲ್ಟೋದಲ್ಲಿ ಈ ಸೋಲೋ ಇ ಮೇಜರ್ ಅನ್ನುವ ಸ್ವರಶ್ರೇಣಿಗೆ ಬರ್ತದೆ, ನಾಲ್ಕು ಶಾರ್ಪ್ (ಅರ್ಧ ಸ್ವರ ಏರಿಸಿದ್ದು), ಬೆರಳಿಗೆ ಕಷ್ಟವೇ, ಆದ್ರೆ ಕಿವಿ ಮುಂದೆ ಹೋಗಿ ದಾರಿ ತೋರಿಸ್ತದೆ. ಐದಾರು ವಾರದಲ್ಲಿ ಕೂತ್ಕೊಳ್ತು. ಆಲ್ಟೋದಲ್ಲಿ ಲೆಸ್ಟರ್‌ನ ಟೆನರಿನ (ಆಲ್ಟೋಗಿಂತ ದೊಡ್ಡ, ಕೆಳಸ್ವರದ ಸ್ಯಾಕ್ಸ್) ಆ ಹಗುರ ನಾದ ಹೇಗೆ ತಂದೆ ಅಂತ ಸುಮಾರು ಜನ ಕೇಳ್ತಾರೆ, ರೀಡಿಗೆ ಒಂದು ಕೆಲಸ ಮಾಡ್ತೇನೆ, ಅದು ನನ್ನ ಹತ್ರವೇ ಇರ್ಲಿ.

ಈಗ ಲೆಸ್ಟರ್‌ನ ಅದೇ 1936ರ ರೆಕಾರ್ಡಿಂಗ್ ಸೆಶನ್ನಿನ ಶೂ ಶೈನ್ ಬಾಯ್ ಅನ್ನುವ ಹಾಡು ಹಿಡಿದಿದ್ದೇನೆ. ಹದಿನಾರು ಬಾರ್ ಬಾಯಿಗೆ ಬಂದಿದೆ, ಸ್ಯಾಕ್ಸ್ ಇನ್ನೂ ಪೆಟ್ಟಿಗೆಯಲ್ಲೇ ಉಂಟು.