ಕಿಡ್ನಿ ಸೋತ ಬೆಕ್ಕನ್ನು ಮನೆಯಲ್ಲಿ ನೋಡಿಕೊಳ್ಳುವುದು: ನೀರು, ಊಟ ಮತ್ತು ಚರ್ಮದಡಿಯ ಡ್ರಿಪ್

ವಯಸ್ಸಾದ ಬೆಕ್ಕು ನೀರಿನ ಬಟ್ಟಲಿನ ಮುಂದೆ ಹೆಚ್ಚು ಹೊತ್ತು ಕೂರತೊಡಗಿದರೆ, ಲಿಟರ್ ಟ್ರೇಯಲ್ಲಿ ಮೂತ್ರದ ಉಂಡೆಗಳು ಮೊದಲಿಗಿಂತ ದಪ್ಪಗಾದರೆ, ಸವರುವಾಗ ಬೆನ್ನುಮೂಳೆ ಕೈಗೆ ಸಿಗತೊಡಗಿದರೆ ರಕ್ತ ಮತ್ತು ಮೂತ್ರದ ಪರೀಕ್ಷೆಗೆ ತಡಮಾಡಬೇಡಿ. ‘ನೀರು ಚೆನ್ನಾಗಿ ಕುಡಿಯುತ್ತಿದೆ, ಉಚ್ಚೆಯೂ ಧಾರಾಳವಾಗಿ ಹೋಗುತ್ತಿದೆ, ಅಂದಮೇಲೆ ಕಿಡ್ನಿಗೇನಾಗಿದೆ?’ ಎಂದುಕೊಂಡು ಎಷ್ಟೋ ಮನೆಗಳಲ್ಲಿ ತಿಂಗಳುಗಟ್ಟಲೆ ಕಳೆದುಹೋಗುತ್ತದೆ. ಕಿಡ್ನಿ ಸೋಲುವಾಗ ಮೊದಲು ಹೋಗುವುದು ಮೂತ್ರವನ್ನು ಗಟ್ಟಿಮಾಡುವ ಶಕ್ತಿ. ದೇಹದ ನೀರು ಸುಮ್ಮನೆ ಹರಿದುಹೋಗುತ್ತದೆ, ಅದನ್ನು ತುಂಬಿಕೊಳ್ಳಲು ಬೆಕ್ಕು ಕುಡಿಯುತ್ತದೆ. ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಲ್ಮಶ ರಕ್ತದಲ್ಲಿ ಏರಿ ಕಾಣುವ ಹೊತ್ತಿಗೆ ಎರಡೂ ಕಿಡ್ನಿಗಳು ಸೇರಿ ಮಾಡುವ ಕೆಲಸದಲ್ಲಿ ಸುಮಾರು ಮುಕ್ಕಾಲು ಪಾಲು ನಿಂತಿರುತ್ತದೆ. ಅದು ಮರಳಿ ಬರುವುದಿಲ್ಲ. ಉಳಿದ ಕಾಲು ಪಾಲನ್ನು ದಣಿಸದೆ ಬಾಳಿಸುವುದು ಮಾತ್ರ ನಮ್ಮ ಕೈಯಲ್ಲಿದೆ. ಬೇಗ ಗೊತ್ತಾದರೆ ಹಾಗೆ ವರ್ಷಗಳನ್ನೇ ಕಳೆಯುವ ಬೆಕ್ಕುಗಳಿವೆ.

ಇಲ್ಲಿ ಹೇಳುವುದೆಲ್ಲ ನಿಧಾನವಾಗಿ ಬರುವ, ದೀರ್ಘಕಾಲದ ಕಿಡ್ನಿ ಕಾಯಿಲೆಗೆ. ನಿನ್ನೆಯವರೆಗೆ ಸರಿಯಿದ್ದ ಬೆಕ್ಕು ಇಂದು ವಾಂತಿ ಮಾಡಿ ಮುದುಡಿ ಮಲಗಿದರೆ ಅದು ಬೇರೆಯೇ ಸಂಗತಿ. ಹೂಗುಚ್ಛದ ಲಿಲ್ಲಿಯ ಎಲೆ, ಹೂವು, ಪರಾಗ, ಹೂದಾನಿಯ ನೀರು ಯಾವುದಾದರೂ ಬೆಕ್ಕಿನ ಕಿಡ್ನಿಯನ್ನು ಎರಡು ಮೂರು ದಿನಗಳಲ್ಲಿ ಕೊಲ್ಲಬಲ್ಲದು. ಕಾರಿನ ಕೂಲೆಂಟ್ ಕೂಡ ಹಾಗೆಯೇ. ಗಂಡು ಬೆಕ್ಕು ಟ್ರೇಯಲ್ಲಿ ಕೂತು ತಿಣುಕಿದರೂ ಹನಿ ಬಾರದಿದ್ದರೆ ಮೂತ್ರನಾಳ ಕಟ್ಟಿಕೊಂಡಿದೆ ಎಂದರ್ಥ. ಇವಕ್ಕೆ ಮನೆಮದ್ದಿಲ್ಲ, ಆ ಗಂಟೆಯಲ್ಲೇ ಆಸ್ಪತ್ರೆಗೆ ಒಯ್ಯಬೇಕು.

ರಿಪೋರ್ಟಿನಲ್ಲಿ ಏನು ನೋಡಬೇಕು

ಕ್ರಿಯಾಟಿನಿನ್ ಒಂದನ್ನೇ ನೋಡಿ ಹೆದರುವುದೂ ಬೇಡ, ನಿಶ್ಚಿಂತರಾಗುವುದೂ ಬೇಡ. ಪಶುವೈದ್ಯರು ಬಳಸುವ ಐರಿಸ್ ವರ್ಗೀಕರಣದಲ್ಲಿ ಕ್ರಿಯಾಟಿನಿನ್ 1.6ರಿಂದ 2.8 ಮಿ.ಗ್ರಾಂ ಇದ್ದರೆ ಎರಡನೇ ಹಂತ, 2.9ರಿಂದ 5 ಮೂರನೆಯದು, 5 ದಾಟಿದರೆ ನಾಲ್ಕನೆಯದು. ಆದರೆ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಸೊರಗಿದ ಮುದಿ ಬೆಕ್ಕಿನಲ್ಲಿ ಸ್ನಾಯುವೇ ಕಡಿಮೆ ಇರುವುದರಿಂದ ಅಂಕಿ ಸುಳ್ಳು ಸಮಾಧಾನ ಕೊಡುತ್ತದೆ. ಅಂಥಲ್ಲಿ ಸ್ನಾಯುವನ್ನು ಅಷ್ಟಾಗಿ ನೆಚ್ಚದ ಎಸ್‌ಡಿಎಂಎ ಎಂಬ ರಕ್ತಪರೀಕ್ಷೆ ನೆರವಾಗುತ್ತದೆ. ನಿರ್ಜಲಗೊಂಡ ಬೆಕ್ಕಿನಲ್ಲಿ ಇದಕ್ಕೆ ತದ್ವಿರುದ್ಧ, ಅಂಕಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಹಾಗಾಗಿ ಡ್ರಿಪ್ ಕೊಟ್ಟು ಸ್ಥಿರವಾದ ಮೇಲೆ ಬಂದ ಅಂಕಿಯಿಂದಲೇ ಹಂತ ನಿರ್ಧರಿಸಬೇಕು.

ಇವುಗಳ ಜೊತೆಗೆ ಫಾಸ್ಫರಸ್ (ಸೋತ ಕಿಡ್ನಿ ಹೊರಹಾಕಲಾರದೆ ರಕ್ತದಲ್ಲಿ ಉಳಿಯುವ ಖನಿಜ), ಪೊಟ್ಯಾಸಿಯಂ, ಹಿಮೋಗ್ಲೋಬಿನ್, ಮೂತ್ರದ ಸಾಂದ್ರತೆ (ಬೆಕ್ಕಿನಲ್ಲಿ 1.035ಕ್ಕಿಂತ ಮೇಲಿರಬೇಕು), ಮೂತ್ರದಲ್ಲಿ ಪ್ರೋಟೀನ್, ಮತ್ತು ಬಿ.ಪಿ. ಕೇಳಿ ಮಾಡಿಸಿ. ಬೆಕ್ಕಿಗೆ ಬಿ.ಪಿ. ನೋಡುವ ಸಾಧನ ಎಲ್ಲ ಕ್ಲಿನಿಕ್‌ಗಳಲ್ಲೂ ಇರುವುದಿಲ್ಲ. ನಿಮ್ಮೂರಲ್ಲಿ ಸಿಗದಿದ್ದರೆ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಿಚಾರಿಸಬಹುದು. ಬಿ.ಪಿ. 160 ದಾಟಿ ಅಲ್ಲೇ ನಿಂತರೆ ಔಷಧ ಬೇಕು. 180 ದಾಟಿದರೆ ಕಣ್ಣಿನ ಪರದೆ ಕಿತ್ತು ಬೆಕ್ಕು ರಾತ್ರೋರಾತ್ರಿ ಕುರುಡಾಗುವ ಅಪಾಯವಿದೆ.

ಮೊದಲು ತಿನ್ನಲಿ, ಆಮೇಲೆ ಸರಿಯಾದದ್ದನ್ನು ತಿನ್ನಲಿ

ಕಿಡ್ನಿ ಆಹಾರ, ಅಂದರೆ ಫಾಸ್ಫರಸ್ ಕಡಿಮೆ ಇದ್ದು ಪ್ರೋಟೀನ್ ಹಿತಮಿತವಾಗಿರುವ ರೀನಲ್ ಫುಡ್, ಆಯಸ್ಸು ಹೆಚ್ಚಿಸುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ರಾಯಲ್ ಕ್ಯಾನಿನ್, ಹಿಲ್ಸ್, ಫಾರ್ಮಿನಾ ಕಂಪನಿಗಳದ್ದು ನಮ್ಮಲ್ಲೂ ಸಿಗುತ್ತವೆ. ಎಡವುವುದು ಕೊಡುವ ರೀತಿಯಲ್ಲಿ. ಆಸ್ಪತ್ರೆಯಿಂದ ಬಂದ ದಿನವೇ, ಹೊಟ್ಟೆ ತೊಳಸುತ್ತಿರುವಾಗಲೇ ಹೊಸ ಆಹಾರ ಮುಂದಿಟ್ಟರೆ ಬೆಕ್ಕು ಆ ವಾಸನೆಯನ್ನೂ ಹೊಟ್ಟೆಯ ಸಂಕಟವನ್ನೂ ಒಂದಕ್ಕೊಂದು ಗಂಟುಹಾಕಿಕೊಂಡು ಮುಂದೆಂದೂ ಅದನ್ನು ಮೂಸುವುದಿಲ್ಲ. ವಾಕರಿಕೆ ನಿಂತು, ಹಳೆಯ ಊಟ ನಾಲ್ಕೈದು ದಿನ ಸರಿಯಾಗಿ ತಿಂದ ಮೇಲೆ ಹತ್ತರಲ್ಲಿ ಒಂದು ಪಾಲು ಹೊಸದನ್ನು ಸೇರಿಸಿ. ಎರಡು ಮೂರು ವಾರಗಳಲ್ಲಿ ಪೂರ್ತಿ ಬದಲಾದರೆ ಸಾಕು. ಹಟಮಾರಿಗಳಿಗೆ ಎರಡು ತಿಂಗಳಾದರೂ ತೊಂದರೆಯಿಲ್ಲ.

‘ಹಸಿವಾದರೆ ತಾನೇ ತಿನ್ನುತ್ತೆ ಬಿಡಿ’ ಎಂಬ ಮಾತು ನಾಯಿಗೆ ನಡೆದೀತು. ಬೆಕ್ಕು ಎರಡು ಮೂರು ದಿನ ಉಪವಾಸವಿದ್ದರೆ ದೇಹದ ಕೊಬ್ಬು ಪಿತ್ತಜನಕಾಂಗಕ್ಕೆ ನುಗ್ಗಿ ಇನ್ನೊಂದು ಪ್ರಾಣಾಂತಿಕ ಕಾಯಿಲೆ ಶುರುವಾಗುತ್ತದೆ. ಆದ್ದರಿಂದ ರೀನಲ್ ಫುಡ್ ಮುಟ್ಟದಿದ್ದರೆ ಹಳೆಯದನ್ನೇ ಕೊಡಿ, ಫಾಸ್ಫರಸ್ಸನ್ನು ಔಷಧದಿಂದ ಹಿಡಿಯೋಣ. ನಾಲ್ಕು ಕಿಲೋ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 240 ಕಿಲೋಕ್ಯಾಲರಿ ಬೇಕು. 85 ಗ್ರಾಂನ ವೆಟ್ ಫುಡ್ ಪೌಚಿನಲ್ಲಿ ಬಹುಪಾಲು 70ರಿಂದ 90 ಇರುತ್ತದೆ. ಒಂದು ಪೌಚ್ ಖಾಲಿಯಾಯಿತೆಂದು ನೆಮ್ಮದಿಪಟ್ಟರೆ ಬೆಕ್ಕು ಅರೆಹೊಟ್ಟೆಯಲ್ಲೇ ಇದೆ ಎಂದು ತಿಳಿಯಿರಿ.

ನಮ್ಮ ಮನೆಗಳ ಹಾಲನ್ನ ರೋಗಿ ಬೆಕ್ಕಿಗೆ ಎರಡೂ ಕಡೆಯಿಂದ ನಷ್ಟ: ಪ್ರೋಟೀನ್ ಸಾಲದು, ಹಾಲಿನಲ್ಲಿ ಫಾಸ್ಫರಸ್ ಇದೆ, ಮೇಲೆ ಭೇದಿ ಬೇರೆ. ಕರಾವಳಿಯಲ್ಲಿ ಬೂತಾಯಿಯಂಥ ಸಣ್ಣ ಮೀನನ್ನು ಮುಳ್ಳುಸಮೇತ ಹಾಕುವ ರೂಢಿಯಿದೆ. ಮುಳ್ಳೆಂದರೆ ಫಾಸ್ಫರಸ್ಸಿನ ಗಣಿ. ಒಣಮೀನಿನಲ್ಲಿ ಉಪ್ಪೂ ಸೇರುತ್ತದೆ. ಬೇಯಿಸಿದ ಕೋಳಿಯ ಎದೆಮಾಂಸ ರುಚಿ ಹಿಡಿಸಲು ನಾಲ್ಕು ಚೂರು ಸರಿ, ಅದೊಂದನ್ನೇ ತಿಂಗಳುಗಟ್ಟಲೆ ಕೊಟ್ಟರೆ ಕ್ಯಾಲ್ಸಿಯಂ, ಟಾರಿನ್ (ಬೆಕ್ಕಿಗೆ ಬೇಕೇಬೇಕಾದ ಪೋಷಕಾಂಶ) ಎರಡೂ ಕೊರತೆ. ಎಳನೀರು ‘ಕಿಡ್ನಿಗೆ ತಂಪು’ ಎಂದು ಕುಡಿಸುವವರಿದ್ದಾರೆ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕೊನೆಯ ಹಂತದಲ್ಲಿ ಪೊಟ್ಯಾಸಿಯಂ ಏರಿರುವ ಬೆಕ್ಕಿಗೆ ಅದೇ ಹೃದಯಕ್ಕೆ ಕುತ್ತು.

ವೆಟ್ ಫುಡ್‌ನಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೀರು, ಒಣ ಕಾಳಿನಲ್ಲಿ ನೂರಕ್ಕೆ ಹತ್ತರಷ್ಟೂ ಇಲ್ಲ. ಸಾಧ್ಯವಿದ್ದರೆ ವೆಟ್ ಫುಡ್ಡನ್ನೇ ಒಂದೆರಡು ಚಮಚ ಬೆಚ್ಚನೆ ನೀರು ಬೆರೆಸಿ ಕೊಡಿ. ವಾಸನೆ ಏಳುತ್ತದೆ, ತಿನ್ನುತ್ತದೆ. ನೀರಿನ ಬಟ್ಟಲು ಮೀಸೆ ತಾಗದಷ್ಟು ಅಗಲವಿರಲಿ. ಮನೆಯ ಮೂರು ನಾಲ್ಕು ಕಡೆ, ಟ್ರೇಯಿಂದ ದೂರ ಇಡಿ.

ಚರ್ಮದಡಿಯ ಡ್ರಿಪ್

ಕುಡಿದ ನೀರು ಸಾಲದಾದಾಗ, ಸಾಮಾನ್ಯವಾಗಿ ಮೂರನೇ ಹಂತದಿಂದ, ವೈದ್ಯರು ಇದನ್ನು ಮನೆಯಲ್ಲೇ ಕೊಡಲು ಹೇಳುತ್ತಾರೆ. ಮೊದಲ ಎರಡು ಮೂರು ಸಲ ಅವರ ಎದುರಲ್ಲೇ ನೀವೇ ಚುಚ್ಚಿ ಕಲಿಯಿರಿ. ನಾಲ್ಕೈದು ಕಿಲೋ ಬೆಕ್ಕಿಗೆ ರೂಢಿಯ ಪ್ರಮಾಣ 100ರಿಂದ 150 ಮಿ.ಲೀ., ದಿನಕ್ಕೊಮ್ಮೆ ಅಥವಾ ದಿನಬಿಟ್ಟು ದಿನ. ಹೃದಯದ ತೊಂದರೆ ಇರುವ ಬೆಕ್ಕಿಗೆ ಇಷ್ಟೇ ನೀರು ಎದೆಯಲ್ಲಿ ತುಂಬಿ ಉಸಿರು ಕಟ್ಟಿಸಬಲ್ಲದು. ಹಾಗಾಗಿ ಪ್ರಮಾಣ ವೈದ್ಯರೇ ಬರೆದುಕೊಡಬೇಕು.

ಬೇಕಾದದ್ದು: 500 ಮಿ.ಲೀ. ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್) ಬಾಟಲಿ, ಐ.ವಿ. ಸೆಟ್, 18 ಅಥವಾ 20 ಗೇಜ್ ಸೂಜಿಗಳು. ಸೂಜಿಯ ಬುಡ ಗುಲಾಬಿ ಬಣ್ಣವಿದ್ದರೆ 18, ಹಳದಿಯಿದ್ದರೆ 20. ತೆಳು ಸೂಜಿಯಲ್ಲಿ ನೋವು ಕಡಿಮೆ ಎಂದು ನೀಲಿ ಬುಡದ 23 ತಂದರೆ ಹತ್ತು ನಿಮಿಷದ ಕೆಲಸ ಅರ್ಧ ಗಂಟೆ ಹಿಡಿಯುತ್ತದೆ, ಅಷ್ಟು ಹೊತ್ತು ಯಾವ ಬೆಕ್ಕೂ ಕೂರುವುದಿಲ್ಲ. ಬಾಟಲಿಯ ಲೇಬಲ್ ಎರಡು ಸಲ ಓದಿ. ಮೆಡಿಕಲ್ ಶಾಪಿನಲ್ಲಿ ‘ಡ್ರಿಪ್ ಬಾಟಲಿ’ ಎಂದು ಕೇಳಿದರೆ ಡಿಎನ್‌ಎಸ್ (ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ ಬೆರೆತ ಸಲೈನ್) ಕೊಟ್ಟುಬಿಡಬಹುದು. ಡೆಕ್ಸ್‌ಟ್ರೋಸ್ ಇರುವ ಯಾವುದನ್ನೂ ಚರ್ಮದಡಿ ಕೊಡಬಾರದು, ಉರಿಯೂತವಾಗಿ ಕೀವುಗಟ್ಟುವ ಸಂಭವವಿದೆ.

ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಹತ್ತು ನಿಮಿಷ ನಿಲ್ಲಿಸಿ, ಒಂದೆರಡು ಹನಿ ಮಣಿಕಟ್ಟಿನ ಮೇಲೆ ಬಿಟ್ಟು ನೋಡಿ. ಬಿಸಿಯೂ ತಂಪೂ ಅನ್ನಿಸಬಾರದು. ಮೈಕ್ರೋವೇವ್ ಬೇಡ, ಒಂದು ಕಡೆ ಬೆಚ್ಚಗಿದ್ದು ಇನ್ನೊಂದು ಕಡೆ ಕುದಿಯುತ್ತಿರುತ್ತದೆ. ಸೆಟ್ಟಿನ ನಳಿಕೆಯಲ್ಲಿ ಹರಿವನ್ನು ತಡೆಯುವ ಗಾಲಿ ಮುಚ್ಚಿ, ಮೊನೆಯನ್ನು ಬಾಟಲಿಗೆ ಚುಚ್ಚಿ, ಹನಿ ಬೀಳುವ ಕೊಳವೆಯನ್ನು ಹಿಂಡಿ ಅರ್ಧ ತುಂಬಿಸಿ, ಗಾಲಿ ತೆರೆದು ನಳಿಕೆಯ ಗಾಳಿಯೆಲ್ಲ ಹೋಗುವವರೆಗೆ ನೀರು ಬಿಟ್ಟು ಮತ್ತೆ ಮುಚ್ಚಿ. ಹೊಸ ಸೂಜಿ ಸಿಕ್ಕಿಸಿ. ಬಾಟಲಿಯನ್ನು ಕಿಟಕಿಯ ಸರಳಿಗೋ ಪರದೆಯ ಕಂಬಿಗೋ, ಬೆಕ್ಕಿಗಿಂತ ಕನಿಷ್ಠ ಒಂದು ಮೀಟರ್ ಎತ್ತರದಲ್ಲಿ ತೂಗುಹಾಕಿ. ಈಗ ನೀರಿನ ಮಟ್ಟ ಎಲ್ಲಿದೆ, ಎಲ್ಲಿಗೆ ಬಂದಾಗ ನಿಲ್ಲಿಸಬೇಕು ಎಂದು ಪೆನ್ನಿನಲ್ಲಿ ಗೆರೆ ಎಳೆದಿಡಿ. ಬೆಕ್ಕು ಒದ್ದಾಡುವಾಗ ಅಂಕಿ ಓದಲಾಗುವುದಿಲ್ಲ.

ಬೆಕ್ಕಿನ ಮುಖ ನಿಮ್ಮಿಂದ ಆಚೆ ತಿರುಗಿರಲಿ. ಎರಡು ಭುಜಗಳ ನಡುವಿನ ಸಡಿಲ ಚರ್ಮವನ್ನು ಹೆಬ್ಬೆರಳು, ನಡುಬೆರಳಿನಿಂದ ಎತ್ತಿ ತೋರುಬೆರಳಿನಿಂದ ಒಂದು ತುದಿಯನ್ನು ಒತ್ತಿದರೆ ಸಣ್ಣ ಗುಳಿಯಾಗುತ್ತದೆ. ಸೂಜಿಯ ಓರೆಬಾಯಿ ಮೇಲ್ಮುಖವಾಗಿರಲಿ, ಬೆನ್ನಿಗೆ ಸಮಾನಾಂತರವಾಗಿ ಗುಳಿಯೊಳಗೆ ಒಂದೇ ಸಲಕ್ಕೆ ತಳ್ಳಿ. ಹೆದರಿ ನಿಧಾನವಾಗಿ ತಳ್ಳಿದರೇ ಹೆಚ್ಚು ನೋವು. ಚರ್ಮವನ್ನು ಬಿಟ್ಟು ಗಾಲಿ ತೆರೆಯಿರಿ.

ಕೂದಲು ಒದ್ದೆಯಾದರೆ ಸೂಜಿ ಚರ್ಮದ ಆಚೆ ಬದಿಗೆ ಬಂದಿದೆ, ಸ್ವಲ್ಪ ಹಿಂದಕ್ಕೆಳೆಯಿರಿ. ಹರಿವು ನಿಂತರೆ ತುದಿ ಮಾಂಸಕ್ಕೆ ತಾಗಿರುತ್ತದೆ, ಸೂಜಿಯನ್ನು ಮೆಲ್ಲಗೆ ತಿರುಗಿಸಿ. ಹಾಗೂ ಹರಿಯದಿದ್ದರೆ ಸೆಟ್ಟಿನ ಮೊನೆಯ ಪಕ್ಕದಲ್ಲಿರುವ ಗಾಳಿಕಿಂಡಿಯ ಮುಚ್ಚಳ ತೆರೆದಿದೆಯೇ ನೋಡಿ. ಹರಿವು ಜೋರಾಗಲಿ ಎಂದು ಬಾಟಲಿಗೆ ಇನ್ನೊಂದು ಸೂಜಿ ಚುಚ್ಚಬೇಡಿ, ಉಳಿದ ನೀರು ಕೆಡುತ್ತದೆ.

ಮುಗಿದ ಮೇಲೆ ಗಾಲಿ ಮುಚ್ಚಿ, ಸೂಜಿ ತೆಗೆದು, ಆ ಜಾಗವನ್ನು ಒಂದು ನಿಮಿಷ ಚಿವುಟಿ ಹಿಡಿಯಿರಿ. ಎರಡು ಹನಿ ನೀರೋ ಚೂರು ರಕ್ತವೋ ಸೋರಿದರೆ ಗಾಬರಿಯಿಲ್ಲ. ಬೆನ್ನ ಮೇಲೆ ನೀರಿನ ಉಬ್ಬು ಏಳುತ್ತದೆ, ಕೆಲವೊಮ್ಮೆ ಮುಂಗಾಲಿನತ್ತ ಜಾರುತ್ತದೆ, ಕೆಲವು ಗಂಟೆಗಳಲ್ಲಿ ಇಂಗುತ್ತದೆ. ಮರುದಿನವೂ ಉಬ್ಬು ಹಾಗೇ ಇದ್ದರೆ ಅಂದಿನ ಡ್ರಿಪ್ ಕೊಡದೆ ವೈದ್ಯರಿಗೆ ಫೋನ್ ಮಾಡಿ. ನಿದ್ದೆಯಲ್ಲಿರುವ ಬೆಕ್ಕಿನ ಉಸಿರು ನಿಮಿಷಕ್ಕೆ 30 ಮೀರಬಾರದು. 40ರ ಸುಮಾರಿಗೆ ಬಂದರೆ ಫೋನ್ ಮಾಡುತ್ತ ಕೂರದೆ ಹೊರಡಿ.

ಪ್ರತಿ ಸಲ ಹೊಸ ಸೂಜಿ. ತೆರೆದ ಬಾಟಲಿ ಫ್ರಿಜ್ಜಿನಲ್ಲಿರಲಿ, ನೀರು ಮಬ್ಬಾದರೆ ಎಸೆಯಿರಿ. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು ಕ್ಲಿನಿಕ್ಕಿಗೇ ಕೊಡಿ. ಪೌರಕಾರ್ಮಿಕರ ಕೈಗೆ ಚುಚ್ಚಬಾರದು.

ಔಷಧಗಳು

ಫಾಸ್ಫರಸ್ ಹಿಡಿಯುವ ಪುಡಿ ಕೆಲಸ ಮಾಡುವುದು ಹೊಟ್ಟೆಯಲ್ಲಿ ಊಟದ ಜೊತೆ ಸಿಕ್ಕಿದಾಗ ಮಾತ್ರ. ಬರಿಹೊಟ್ಟೆಯಲ್ಲಿ ಕೊಟ್ಟರೆ ಕೊಡದಂತೆಯೇ. ಬಿ.ಪಿ.ಗೆ ಸಾಮಾನ್ಯವಾಗಿ ಬರೆಯುವುದು ಆಮ್ಲೋಡಿಪಿನ್ 0.625 ಮಿ.ಗ್ರಾಂ, ಅಂದರೆ 2.5ರ ಮಾತ್ರೆಯ ಕಾಲುಭಾಗ. 5ರ ಮಾತ್ರೆ ತಂದು ಅದರ ಕಾಲುಭಾಗ ಕೊಟ್ಟರೆ ದುಪ್ಪಟ್ಟಾಗುತ್ತದೆ. ತುಟಿ ನೆಕ್ಕುವುದು, ಊಟದ ಹತ್ತಿರ ಬಂದು ಮುಖ ತಿರುಗಿಸುವುದು ವಾಕರಿಕೆಯ ಗುರುತು. ಅದಕ್ಕೆ ಮರೋಪಿಟೆಂಟ್ ಅಥವಾ ಒಂಡಾನ್ಸೆಟ್ರಾನ್, ಹಸಿವಿಗೆ ಮಿರ್ಟಾಜಪಿನ್ ಇದೆ. ಕಿಡ್ನಿ ರೋಗಿಗೆ ಮಿರ್ಟಾಜಪಿನ್ ಮಾತ್ರೆಯನ್ನು ದಿನಬಿಟ್ಟು ದಿನ ಬರೆಯುವುದು ರೂಢಿ. ತಲೆ ಎತ್ತಲಾಗದೆ ಕತ್ತು ಎದೆಗೆ ಬಾಗಿದರೆ ಪೊಟ್ಯಾಸಿಯಂ ಕುಸಿದಿದೆ. ಯಾವುದೇ ಮಾತ್ರೆಯ ಹಿಂದೆ ಸಿರಿಂಜಿನಲ್ಲಿ ಐದು ಮಿ.ಲೀ. ನೀರು ಕುಡಿಸಿ, ಇಲ್ಲದಿದ್ದರೆ ಮಾತ್ರೆ ಅನ್ನನಾಳದಲ್ಲೇ ಅಂಟಿ ಹುಣ್ಣಾಗುತ್ತದೆ.

ಮಲಬದ್ಧತೆ ಈ ಬೆಕ್ಕುಗಳಿಗೆ ನೆಂಟ. ಲ್ಯಾಕ್ಟುಲೋಸ್ ಸಿರಪ್ ಕೇಳಿ ಪಡೆಯಿರಿ. ಮನುಷ್ಯರಿಗೆ ಬಳಸುವ ಫಾಸ್ಫೇಟ್ ಎನಿಮಾ ಬೆಕ್ಕನ್ನು ಕೊಲ್ಲುತ್ತದೆ. ಪ್ಯಾರಾಸಿಟಮಾಲ್ ಕೂಡ ಕೊಲ್ಲುತ್ತದೆ, ಒಂದೇ ಮಾತ್ರೆ ಸಾಕು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಉಳಿದ ಕಿಡ್ನಿಯನ್ನೂ ಮುಗಿಸುತ್ತವೆ.

ತೂಕದ ಪುಸ್ತಕ

ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಗಿ ಬರೆದಿಡಿ. ನಾಲ್ಕು ಕಿಲೋ ಬೆಕ್ಕು 200 ಗ್ರಾಂ ಇಳಿದರೆ ನೂರಕ್ಕೆ ಐದರಷ್ಟು ಹೋಯಿತು, ಕಣ್ಣಿಗೆ ಕಾಣುವುದಿಲ್ಲ. ಎರಡೇ ದಿನದಲ್ಲಿ ಇಳಿದರೆ ಅದು ನೀರು, ಎರಡು ತಿಂಗಳಲ್ಲಿ ಇಳಿದರೆ ಸ್ನಾಯು. ಮೊದಲನೆಯದಕ್ಕೆ ಡ್ರಿಪ್, ಎರಡನೆಯದಕ್ಕೆ ಊಟ. ತಿಂದದ್ದು, ವಾಂತಿ, ಡ್ರಿಪ್ಪಿನ ಪ್ರಮಾಣವೂ ಅದೇ ಪುಸ್ತಕದಲ್ಲಿರಲಿ. ಮುದಿ ಬೆಕ್ಕಿನ ಚರ್ಮ ಹೇಗಿದ್ದರೂ ಬಿಗಿ ಕಳೆದುಕೊಂಡಿರುತ್ತದೆ, ಎಳೆದು ನೋಡುವುದರಿಂದ ನೀರಿನ ಕೊರತೆ ತಿಳಿಯದು. ಒಸಡು ಮುಟ್ಟಿ ನೋಡಿ, ಅಂಟಂಟಾಗಿದ್ದರೆ ಕೊರತೆ. ಎರಡನೇ ಹಂತದಲ್ಲಿ ನಾಲ್ಕಾರು ತಿಂಗಳಿಗೊಮ್ಮೆ, ಮೂರನೆಯದರಲ್ಲಿ ಎರಡು ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಸಾಕು.

ಡ್ರಿಪ್, ವಾಕರಿಕೆಯ ಔಷಧ, ಹಸಿವಿನ ಮಾತ್ರೆ ಮೂರೂ ಸರಿಯಾಗಿ ನಡೆಯುತ್ತಿದ್ದೂ ಮೂರು ದಿನ ತಿನ್ನದಿದ್ದರೆ, ಟ್ರೇವರೆಗೆ ನಡೆಯಲಾಗದಿದ್ದರೆ, ಮೈ ನೆಕ್ಕಿಕೊಳ್ಳುವುದನ್ನೇ ಬಿಟ್ಟರೆ ದಯಾಮರಣದ ಬಗ್ಗೆ ವೈದ್ಯರೊಡನೆ ಮಾತಾಡುವ ಸಮಯ ಬಂದಿದೆ. ಈ ಮಾತನ್ನು ಮೊದಲೇ ಆಡಿಟ್ಟುಕೊಂಡಿದ್ದರೆ ನಡುರಾತ್ರಿ ಪರದಾಡುವುದು ತಪ್ಪುತ್ತದೆ. ಮನೆಗೆ ಬರುತ್ತಾರೆಯೇ, ಮೊದಲು ನಿದ್ದೆಯ ಇಂಜೆಕ್ಷನ್ ಕೊಟ್ಟು ಆಮೇಲೆ ಎರಡನೆಯದನ್ನು ಕೊಡುತ್ತಾರೆಯೇ ಎಂದು ಕೇಳಿ. ಎರಡನೇ ಪ್ರಶ್ನೆಗೆ ‘ಇಲ್ಲ’ ಎಂದರೆ ಬೇರೆ ವೈದ್ಯರನ್ನು ಹುಡುಕಿ.