ಡೆಕ್‌ಗೆ ಸ್ಟೇನ್, ಸೀಲರ್: ಎಷ್ಟು ದಿನ ಬೇಕು, ಲೆಕ್ಕ ಹಾಕುವುದು ಹೇಗೆ?

‘ಶನಿವಾರ ಬೆಳಗ್ಗೆ ಶುರು ಮಾಡಿದರೆ ಭಾನುವಾರ ಸಂಜೆ ಕುರ್ಚಿ ಹಾಕಿಕೊಂಡು ಕೂರಬಹುದು.’ ಮರದ ಡೆಕ್‌ಗೆ, ಅಂದರೆ ಮನೆಯ ಹೊರಗಿನ ಹಲಗೆಯ ಜಗಲಿಗೆ, ಸ್ಟೇನ್ (ಮರಕ್ಕೆ ಹಚ್ಚುವ ಬಣ್ಣ) ಹಚ್ಚಲು ಹೊರಟವರೆಲ್ಲ ಹೇಳುವ ಮಾತಿದು. ನಾನೂ ಹೇಳಿದ್ದೆ. ಮುಂದಿನ ಶನಿವಾರ ಬಂದಾಗ ರೇಲಿಂಗ್‌ಗೆ ಅರ್ಧ ಮಾತ್ರ ಬಣ್ಣ ಬಿದ್ದಿತ್ತು, ನಾನು ಬ್ರಷ್ ಹಿಡಿದು ಮೋಡ ನೋಡುತ್ತಾ ನಿಂತಿದ್ದೆ. ಆಮೇಲೆ ಗೆಳೆಯರದು, ನೆಂಟರದು ಅಂತ ಇನ್ನೂ ನಾಲ್ಕೈದು ಡೆಕ್‌ಗಳಿಗೆ ಕೈ ಹಾಕಿದ್ದೇನೆ. ಎಲ್ಲರೂ ಎಡವುವುದು ಒಂದೇ ಕಡೆ. ಬ್ರಷ್ ಓಡಿಸುವ ಹೊತ್ತನ್ನು ಎಣಿಸುತ್ತಾರೆ, ಮರ ಒಣಗುವ ಹೊತ್ತನ್ನು ಮರೆಯುತ್ತಾರೆ.

ಹಾಗಾಗಿ ಮೊದಲು ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಕ್ಕೆ ‘ಕೈಕೆಲಸ’, ಬಲಕ್ಕೆ ‘ಕಾಯುವುದು’. ಎಡಗಡೆ ಗಂಟೆಯ ಲೆಕ್ಕ, ಬಲಗಡೆ ದಿನದ ಲೆಕ್ಕ. ಎರಡನ್ನೂ ಬೆರೆಸಬೇಡಿ. ಕೈಕೆಲಸಕ್ಕೆ ಇನ್ನೊಬ್ಬರು ಬಂದರೆ ಹೊತ್ತು ಅರ್ಧವಾಗುತ್ತದೆ. ಕಾಯುವುದಕ್ಕೆ ಹತ್ತು ಜನ ಬಂದರೂ ಅಷ್ಟೇ.

ಹಂತ 1: ಅಳೆಯಿರಿ, ಎಣಿಸಿ

ನೆಲದ ಉದ್ದ ಅಗಲ ಗುಣಿಸಿ. 20 ಅಡಿಗೆ 15 ಅಡಿಯ ಡೆಕ್ ಅಂದರೆ 300 ಚದರಡಿ. ಇದು ಸುಲಭ. ಇನ್ನು ರೇಲಿಂಗ್‌ನಲ್ಲಿ ನಿಲ್ಲಿಸಿದ ರೀಪುಗಳನ್ನು ಎಣಿಸಿ. ಅಂದಾಜಲ್ಲ, ಬೆರಳಿಟ್ಟು ಒಂದೊಂದಾಗಿ.

ಯಾಕೆ ಅಂತೀರಾ? ಇದೇ ಡೆಕ್‌ನ ಮೂರು ಬದಿಗೆ ರೇಲಿಂಗ್ ಇದ್ದರೆ ಅದರ ಉದ್ದ 50 ಅಡಿ. ಐದೈದು ಇಂಚಿಗೆ ಒಂದು ರೀಪು ಅಂದರೆ ಒಟ್ಟು 120 ರೀಪು. ಒಂದೊಂದಕ್ಕೂ ನಾಲ್ಕು ಮುಖ. ಒಂದೂವರೆ ಇಂಚು ದಪ್ಪ, ಮೂರಡಿ ಎತ್ತರದ ರೀಪಿಗೆ ಒಂದೂವರೆ ಚದರಡಿ ಮೈ ಇರುತ್ತದೆ. 120ಕ್ಕೆ 180 ಚದರಡಿ! ನೆಲದ ಅರ್ಧಕ್ಕಿಂತ ಜಾಸ್ತಿ. ಮೇಲಿನ ಕೈಹಿಡಿ, ಮೂಲೆಗಂಬ, ಮೆಟ್ಟಿಲು ಇದರಲ್ಲಿ ಸೇರಿಲ್ಲ. ನೆಲವನ್ನು ಉದ್ದ ಕೋಲಿನ ಬ್ರಷ್ ಹಿಡಿದು ನಿಂತೇ ಮುಗಿಸಬಹುದು. ರೀಪಿಗೆ ಬಗ್ಗಬೇಕು, ಸುತ್ತಬೇಕು, ಆಚೆ ಬದಿಗೆ ಕೈ ಚಾಚಬೇಕು.

ಒಂದು ರೀಪಿಗೆ ಎಷ್ಟು ಹೊತ್ತು ಅಂತ ತಿಳಿಯಲು ಸ್ಟೇನ್ ಡಬ್ಬಿ ತೆರೆಯುವುದೇ ಬೇಡ. ಒಂದು ಮಗ್ ನೀರು, ಒಂದು ಬ್ರಷ್ ತೆಗೆದುಕೊಳ್ಳಿ. ನೀರನ್ನೇ ಸ್ಟೇನ್ ಅಂದುಕೊಂಡು ಐದು ರೀಪಿಗೆ ನಾಲ್ಕೂ ಮುಖ ಹಚ್ಚಿ. ಮೊದಲನೆಯದನ್ನು ಬಿಡಿ, ಆಗಿನ್ನೂ ಹುರುಪು ಇರುತ್ತದೆ. ಐದನೆಯದಕ್ಕೆ ಎಷ್ಟು ಹಿಡಿಯಿತು ನೋಡಿ. ನನಗೆ ಎರಡು ನಿಮಿಷ ಬಂತು. ಸ್ಟೇನ್ ನೀರಿಗಿಂತ ನಿಧಾನ, ಇಳಿದ ಹನಿ ಒರೆಸುವ ಕೆಲಸವೂ ಇದೆ. ಅದಕ್ಕೆ ಒಂದೂವರೆ ಪಟ್ಟು ಮಾಡಿಕೊಳ್ಳಿ. ಮೂರು ನಿಮಿಷದಂತೆ 120 ರೀಪಿಗೆ ಆರು ಗಂಟೆ.

ಹಂತ 2: ರಿಪೇರಿ

ಎದ್ದ ಸ್ಕ್ರೂ ಬಿಗಿ ಮಾಡಿ, ಕೊಳೆತ ಹಲಗೆ ಬದಲಿಸಿ, ಸಂದಿಯ ಕಸ ಕೆರೆದು ತೆಗೆಯಿರಿ. ಎರಡು ಗಂಟೆ ಬರೆದುಕೊಳ್ಳಿ.

ಹಂತ 3: ತೊಳೆಯಿರಿ

ಬೂದು ಬಣ್ಣಕ್ಕೆ ತಿರುಗಿದ ಮರ ಬರೀ ಕೊಳೆಯಾದದ್ದಲ್ಲ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಮೇಲ್ಪದರದ ನಾರು ಸಡಿಲಾಗಿರುತ್ತದೆ. ಅದರ ಮೇಲೆ ಹಚ್ಚಿದ ಸ್ಟೇನ್ ಆ ನಾರಿನ ಜೊತೆಗೇ ಉದುರಿ ಹೋಗುತ್ತದೆ. ಆಕ್ಸಿಜನ್ ಬ್ಲೀಚ್ ಇರುವ ಡೆಕ್ ಕ್ಲೀನರ್ ಹಾಕಿ, ಡಬ್ಬಿಯಲ್ಲಿ ಬರೆದಷ್ಟು ಹೊತ್ತು ಒಣಗಲು ಬಿಡದೆ ಒದ್ದೆಯಾಗಿಡಿ, ಗಟ್ಟಿ ಬ್ರಷ್‌ನಲ್ಲಿ ಎಳೆಯ ಉದ್ದಕ್ಕೆ ಉಜ್ಜಿ ತೊಳೆಯಿರಿ. ಮೊಳೆಯ ಸುತ್ತ ಕಪ್ಪು ಕಲೆ ಇದ್ದರೆ ಆಕ್ಸಾಲಿಕ್ ಆಸಿಡ್ ಇರುವ ಬ್ರೈಟ್ನರ್ (ಮರದ ಬಣ್ಣ ತಿಳಿಯಾಗಿಸುವ ದ್ರಾವಣ) ಬೇಕು. ಕೈಗವಸು, ಕನ್ನಡಕ ಮರೆಯಬೇಡಿ. 300 ಚದರಡಿಗೆ ರೇಲಿಂಗ್ ಸೇರಿ ನಾಲ್ಕು ಗಂಟೆ.

ಕ್ಲೋರಿನ್ ಬ್ಲೀಚ್ ಸುರಿಯುವವರಿಗೆ ಒಂದು ಮಾತು. ಮರ ಬೆಳ್ಳಗಾಗುತ್ತದೆ ನಿಜ, ಆದರೆ ನಾರು ಏಳುತ್ತದೆ, ಪಕ್ಕದ ಗಿಡ ಸಾಯುತ್ತದೆ. ಪ್ರೆಷರ್ ವಾಷರ್ ಹಿಡಿದವರಿಗೆ ಇನ್ನೊಂದು. ಹಲಗೆಗೆ ತೀರಾ ಹತ್ತಿರ ಹಿಡಿದರೆ ಮೆತ್ತನೆಯ ಭಾಗ ಕಿತ್ತು ಹೋಗಿ ಎಳೆಗಳು ಗೆರೆಗೆರೆಯಾಗಿ ಏಳುತ್ತವೆ. ತೊಳೆಯುವಾಗ ಉಳಿಸಿದ ಎರಡು ಗಂಟೆಗೆ ಆಮೇಲೆ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜುವಾಗ ನಾಲ್ಕು ಗಂಟೆ ಕೊಡಬೇಕು. ಹಿಡಿಯಲೇಬೇಕಾದರೆ ಕಡಿಮೆ ಒತ್ತಡ, ಅಗಲ ಧಾರೆ, ಒಂದಡಿ ದೂರ.

ಹಳೆಯ ಬಣ್ಣ ಸಿಪ್ಪೆ ಎದ್ದಿದ್ದರೆ ಎಡಗಡೆ ಇನ್ನೊಂದು ಇಡೀ ದಿನ ಸೇರಿಸಿ. ಸ್ಟ್ರಿಪ್ಪರ್ (ಹಳೆಯ ಬಣ್ಣ ಕಳಚುವ ದ್ರಾವಣ) ಹಾಕಿ ಕೆರೆಯದೆ ಬೇರೆ ದಾರಿ ಇಲ್ಲ.

ಹಂತ 4: ಒಣಗಲು ಬಿಡಿ

ಎಲ್ಲ ಕೆಡುವುದು ಇಲ್ಲೇ. ತೊಳೆದ ಮಾರನೇ ದಿನ ಡೆಕ್ ನೋಡಿದರೆ ಒಣಗಿದ ಹಾಗೇ ಕಾಣುತ್ತದೆ. ಮುಟ್ಟಿದರೂ ಒಣಗಿರುತ್ತದೆ. ಆದರೆ ನೀವು ಮುಟ್ಟಿದ್ದು ಮೇಲಿನ ಒಂದು ಪದರ. ಹಲಗೆಯ ಅಡಿ, ಎರಡು ಹಲಗೆಗಳ ಸಂದಿ, ರೀಪಿನ ಬುಡ, ಕೊಯ್ದ ತುದಿ ಇವೆಲ್ಲ ಒಳಗೊಳಗೇ ನೀರು ಹಿಡಿದುಕೊಂಡಿರುತ್ತವೆ. ಮರದ ಸಣ್ಣ ರಂಧ್ರಗಳಲ್ಲಿ ನೀರು ಕೂತಿದ್ದರೆ ಸ್ಟೇನ್‌ಗೆ ಜಾಗ ಎಲ್ಲಿ? ಅದು ಮೇಲೇ ನಿಲ್ಲುತ್ತದೆ. ಒಂದು ಕಡೆ ಗಾಢ, ಇನ್ನೊಂದು ಕಡೆ ಪೇಲವ. ಪದರ ಕಟ್ಟುವ ಬಗೆಯದಾದರೆ ಗುಳ್ಳೆ ಎದ್ದು ಸಿಪ್ಪೆ ಸುಲಿಯುತ್ತದೆ.

ಬಿಸಿಲು, ಗಾಳಿ ಚೆನ್ನಾಗಿದ್ದರೆ 48 ಗಂಟೆ. ನೆರಳಿದ್ದರೆ, ಡೆಕ್ ನೆಲಕ್ಕೆ ತಗ್ಗಾಗಿದ್ದು ಅಡಿಯಲ್ಲಿ ಗಾಳಿ ಆಡದಿದ್ದರೆ ಮೂರು, ನಾಲ್ಕು ದಿನ. ನಡುವೆ ಜೋರು ಮಳೆ ಬಂದರೆ ಲೆಕ್ಕ ಮತ್ತೆ ಸೊನ್ನೆಯಿಂದ. ಹೊಸದಾಗಿ ಹಾಕಿದ, ಕೊಳೆಯದಂತೆ ಔಷಧ ಕುಡಿಸಿದ ಹಲಗೆಯಾದರೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು.

ಕಾಸು ಖರ್ಚಿಲ್ಲದ ಪರೀಕ್ಷೆ ಎಂದರೆ ನೀರಿನ ಹನಿ. ಬೆರಳಿನಿಂದ ಹಲಗೆಯ ಮೇಲೆ ನಾಲ್ಕು ಹನಿ ಬಿಡಿ. ಒಂದೆರಡು ನಿಮಿಷದಲ್ಲಿ ಹೀರಿಕೊಂಡು ಅಲ್ಲಿ ಕಪ್ಪು ಚುಕ್ಕೆ ಉಳಿದರೆ ಮರ ಕುಡಿಯಲು ಸಿದ್ಧ. ಹನಿ ಮಣಿಯ ಹಾಗೆ ಗುಂಡಗೆ ನಿಂತರೆ ಒಳಗೆ ತೇವ ಇದೆ, ಇಲ್ಲವೇ ಹಳೆಯ ಸೀಲರ್ (ನೀರು ತಡೆಯುವ ಲೇಪ) ಹೋಗಿಲ್ಲ. ಹೊಸ ಹಲಗೆಯಾದರೆ ಯಂತ್ರದಲ್ಲಿ ಹತ್ತರಿ ಹೊಡೆದಾಗ ಬಂದ ನುಣುಪು ಅಡ್ಡ ಬಂದಿರಬಹುದು. ನುಣುಪು, ಸೀಲರ್ ಎರಡೂ ಕಾದರೆ ಹೋಗುವುದಿಲ್ಲ, ಉಜ್ಜಬೇಕು.

ತೇವ ಅಳೆಯುವ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಎರಡು ಮುಳ್ಳನ್ನು ಎಳೆಯ ಉದ್ದಕ್ಕೆ ಚುಚ್ಚಿ, ಶೇ 15ಕ್ಕಿಂತ ಕಡಿಮೆ ಬರಬೇಕು. ಎಲ್ಲಿ ಚುಚ್ಚುತ್ತೀರಿ ಅನ್ನುವುದು ಮುಖ್ಯ. ಒಮ್ಮೆ ನಾನು ಬಿಸಿಲು ಬೀಳುವ ನಡುವಿನ ಹಲಗೆಯಲ್ಲಿ ಚುಚ್ಚಿದೆ. 12 ತೋರಿಸಿತು. ಖುಷಿಯಿಂದ ಡಬ್ಬಿ ತೆರೆದೆ. ತಿಂಗಳೊಳಗೆ ಮೆಟ್ಟಿಲ ಹತ್ತಿರದ ಮೂರು ಹಲಗೆ ಮಚ್ಚೆಮಚ್ಚೆಯಾದವು, ಅಲ್ಲಿ ದಿನವಿಡೀ ಗೋಡೆಯ ನೆರಳು. ಈಗ ಆರು ಕಡೆ ಚುಚ್ಚುತ್ತೇನೆ, ಸರಾಸರಿ ತೆಗೆಯುವುದಿಲ್ಲ, ಅತಿ ಹೆಚ್ಚು ಬಂದ ಅಂಕಿಯನ್ನೇ ನಂಬುತ್ತೇನೆ.

ಹಂತ 5: ಉಜ್ಜಿ

60 ಅಥವಾ 80 ಗ್ರಿಟ್‌ನ ಸ್ಯಾಂಡ್‌ಪೇಪರ್ (ಈ ಅಂಕಿ ಹೆಚ್ಚಿದಷ್ಟೂ ಕಾಗದ ನುಣುಪು). ಅಲ್ಲಿಗೆ ನಿಲ್ಲಿಸಿ. ಇದು ಮೇಜಲ್ಲ, ನುಣ್ಣಗೆ ಹೊಳೆಯಬೇಕಿಲ್ಲ. 150, 180 ಅಂತ ಏರುತ್ತಾ ಹೋದರೆ ರಂಧ್ರ ಮುಚ್ಚಿ ಸ್ಟೇನ್ ಒಳಗೇ ಇಳಿಯುವುದಿಲ್ಲ. ಸ್ಟೀಲ್ ಉಲ್ ಮುಟ್ಟಲೇಬೇಡಿ, ಉಳಿದ ಚೂರು ತುಕ್ಕು ಹಿಡಿದು ಕಪ್ಪು ಚುಕ್ಕೆ ಬೀಳುತ್ತದೆ. ಯಂತ್ರ ಇದ್ದರೆ ಐದು ಗಂಟೆ. ದೂಳು ಪೂರ್ತಿ ತೆಗೆದು ಗೋಡೆಯ ಅಂಚಿಗೆ ಟೇಪ್ ಅಂಟಿಸಲು ಇನ್ನೊಂದು ಗಂಟೆ.

ಹಂತ 6: ಸ್ಟೇನ್

ಹಚ್ಚಲು ದಿನಕ್ಕೆ ಎಷ್ಟು ಗಂಟೆ ಸಿಗುತ್ತದೆ ಗೊತ್ತಾ? ಸುಮಾರು ಆರು. ಬೆಳಗ್ಗೆ ಇಬ್ಬನಿ ಆರುವವರೆಗೆ ಬ್ರಷ್ ಮುಟ್ಟುವಂತಿಲ್ಲ. ಸಂಜೆ ಇಬ್ಬನಿ ಬೀಳುವ ಮೊದಲು ಹಚ್ಚಿದ್ದು ಒಂದಿಷ್ಟು ಆರಿರಬೇಕು. ಗಾಳಿಯ ಉಷ್ಣಾಂಶ 10ರಿಂದ 32 ಡಿಗ್ರಿ ಸೆಲ್ಸಿಯಸ್ ಒಳಗಿರಲಿ. ಹಲಗೆಯ ಮೇಲೆ ಅಂಗೈ ಇಡಿ. ಸುಟ್ಟ ಹಾಗಾಗಿ ಕೈ ಹಿಂದೆಗೆದರೆ ಆ ಹಲಗೆ ಈಗ ಬೇಡ. ಸ್ಟೇನ್ ಇಳಿಯುವ ಮೊದಲೇ ಒಣಗುತ್ತದೆ. ನೆರಳು ಸರಿದಂತೆ ನೀವೂ ಸರಿಯಿರಿ.

ರೇಲಿಂಗ್ ಮೊದಲು, ನೆಲ ಆಮೇಲೆ. ಹನಿ ಬೀಳುವುದು ಕೆಳಕ್ಕೆ ಅಲ್ವಾ? ನೆಲದಲ್ಲಿ ಎರಡು ಮೂರು ಹಲಗೆ ಹಿಡಿದು ಈ ತುದಿಯಿಂದ ಆ ತುದಿಗೆ ಮುಗಿಸಿ. ನಡುವೆ ಫೋನ್ ಬಂದರೂ ಎತ್ತಬೇಡಿ. ಅರ್ಧಕ್ಕೆ ನಿಲ್ಲಿಸಿದಲ್ಲಿ ಅಂಚು ಒಣಗಿ, ಮುಂದಿನ ಕೈ ಅದರ ಮೇಲೆ ಹತ್ತಿ ಎರಡು ಪದರದ ಗೆರೆ ಉಳಿಯುತ್ತದೆ. ನೆಲಕ್ಕೆ ಮೂರು ಗಂಟೆ.

ಹಚ್ಚಿ ಹದಿನೈದು ಇಪ್ಪತ್ತು ನಿಮಿಷಕ್ಕೆ ಮರ ಕುಡಿಯದೆ ಉಳಿದದ್ದನ್ನು ಬಟ್ಟೆಯಿಂದ ಒರೆಸಿಬಿಡಿ. ಜಾಸ್ತಿ ಹಚ್ಚಿದರೆ ಜಾಸ್ತಿ ಬಾಳಿಕೆ ಅಂತ ಬಿಟ್ಟರೆ ವಾರ ಕಳೆದರೂ ಕಾಲಿಗೆ ಅಂಟುತ್ತದೆ. ಎಣ್ಣೆ ಸ್ಟೇನ್ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗಿಯೇ ಕಾವು ಏರಿ ಬೆಂಕಿ ಹತ್ತಿಕೊಳ್ಳಬಹುದು, ಇದು ಸುಮ್ನೆ ಹೆದರಿಸುವ ಮಾತಲ್ಲ. ಹೊರಗೆ ಒಂದೊಂದಾಗಿ ಹರವಿ ಒಣಗಿಸಿ, ಇಲ್ಲವೇ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ನೀರಲ್ಲಿ ಮುಳುಗಿಸಿಡಿ.

ಸ್ಪ್ರೇಯರ್ ಇದ್ದರೆ ಒಂದು ಗಂಟೆಯಲ್ಲಿ ಮುಗಿಯುತ್ತದಂತೆ. ಸಿಂಪಡಿಸಲು ಒಂದು ಗಂಟೆ ಸಾಕು, ಸರಿ. ಗೋಡೆ, ಗಿಡ, ಕಿಟಕಿ ಮುಚ್ಚಲು ಎರಡು ಗಂಟೆ ಬೇಕು, ಸಿಂಪಡಿಸಿದ್ದನ್ನು ಮತ್ತೆ ಬ್ರಷ್‌ನಲ್ಲಿ ಎಳೆಯೊಳಗೆ ತಿಕ್ಕಲೂಬೇಕು. ನನ್ನ ಮಟ್ಟಿಗೆ ಬ್ರಷ್ಷೇ ಸರಿ.

ಸ್ಟೇನ್ ಎಷ್ಟು ಬೇಕು ಅನ್ನುವುದೂ ಹೊತ್ತಿನ ಲೆಕ್ಕವೇ. ಲೀಟರ್‌ಗೆ ಸಾಮಾನ್ಯವಾಗಿ 40ರಿಂದ 75 ಚದರಡಿ. ಹಳೆಯ, ಒರಟು ಮರ ಜಾಸ್ತಿ ಕುಡಿಯುತ್ತದೆ. ನಮ್ಮ 480 ಚದರಡಿಗೆ ಹತ್ತು ಲೀಟರ್ ಇಟ್ಟುಕೊಳ್ಳಿ, ಎಲ್ಲ ಡಬ್ಬಿಗಳನ್ನೂ ಒಂದೇ ಬಕೆಟ್‌ಗೆ ಸುರಿದು ಕಲಕಿ. ನಡುಹಲಗೆಯಲ್ಲಿ ಖಾಲಿಯಾಗಿ ಅಂಗಡಿಗೆ ಓಡಿದರೆ ಅರ್ಧ ದಿನ ಹೋಯಿತು, ಜೊತೆಗೆ ಬಣ್ಣವೂ ಹೊಂದುವುದಿಲ್ಲ.

ಹಂತ 7: ಸೀಲರ್ ಬೇಕೇ?

ಡಬ್ಬಿ ಓದಿ. ಮರದೊಳಗೆ ಇಳಿಯುವ ಬಹಳಷ್ಟು ಸ್ಟೇನ್‌ಗಳಲ್ಲಿ ನೀರು ತಡೆಯುವ ಅಂಶ ಆಗಲೇ ಇರುತ್ತದೆ. ಅದರ ಮೇಲೆ ಇನ್ನೊಂದು ಸೀಲರ್ ಬಳಿದರೆ ಹಿಡಿಯುವುದಿಲ್ಲ, ಒಂದು ದಿನ ದಂಡ. ಬೇರೆ ಸೀಲರ್ ಬೇಕೆಂದು ಡಬ್ಬಿಯಲ್ಲೇ ಬರೆದಿದ್ದರೆ ಮಾತ್ರ ಎಣ್ಣೆ ಸ್ಟೇನ್ ಆದ ಮೇಲೆ 24ರಿಂದ 48 ಗಂಟೆ ಬಿಟ್ಟು ಹಚ್ಚಿ. ಬಣ್ಣವಿಲ್ಲದ ಸೀಲರ್ ಒಂದನ್ನೇ ಹಚ್ಚುವ ಆಸೆ ಬಿಡಿ. ನೀರು ತಡೆಯುತ್ತದೆ, ಬಿಸಿಲು ತಡೆಯುವುದಿಲ್ಲ, ವರ್ಷದೊಳಗೆ ಮರ ಮತ್ತೆ ಬೂದು. ಡೆಕ್ ನೆಲಕ್ಕೆ ವಾರ್ನಿಷ್ ಅಂತೂ ಬೇಡವೇ ಬೇಡ. ನಾನು ಹಚ್ಚುವುದು ಎಳೆ ಕಾಣುವ ಅರೆಪಾರದರ್ಶಕ ಎಣ್ಣೆ ಸ್ಟೇನ್. ಎರಡು ಮೂರು ವರ್ಷಕ್ಕೆ ಮಾಸುತ್ತದೆ, ಆದರೆ ಸಿಪ್ಪೆ ಏಳುವುದಿಲ್ಲ. ಮುಂದಿನ ಸಲ ತೊಳೆದು ಹಚ್ಚಿದರೆ ಆಯಿತು.

ಈಗ ಹಾಳೆ ಕೂಡಿಸಿ

ಎಡಗಡೆ: ರಿಪೇರಿ 2, ತೊಳೆಯಲು 4, ಉಜ್ಜಲು 5, ಟೇಪ್ 1, ರೇಲಿಂಗ್ 6, ನೆಲ 3. ಒಟ್ಟು 21 ಗಂಟೆ. ಬೆನ್ನು ನೋವು, ಬ್ರಷ್ ತೊಳೆಯುವುದು, ನೀರು ಕುಡಿಯುವುದು ಅಂತ ಕಾಲುಭಾಗ ಸೇರಿಸಿ, 26 ಗಂಟೆ. ಬಲಗಡೆ: ತೊಳೆದ ಮೇಲೆ ಮೂರು ದಿನ, ಹಚ್ಚಿದ ಮೇಲೆ ಓಡಾಡಲು ಒಂದು ದಿನ, ಕುರ್ಚಿ ಮೇಜು ಇಡಲು ಮತ್ತೆರಡು ದಿನ. ಒಬ್ಬರೇ ಮಾಡಿದರೆ ಸುಮಾರು ಹತ್ತು ದಿನ.

ರಜೆ ಸಿಗದವರಿಗೆ ನಾನು ಹೇಳುವುದು ಎರಡು ವಾರಾಂತ್ಯ, ಇಬ್ಬರು ಆಳು. ಮೊದಲ ವಾರಾಂತ್ಯ ರಿಪೇರಿ, ತೊಳೆಯುವುದು. ವಾರವಿಡೀ ಮರ ತನ್ನಷ್ಟಕ್ಕೆ ಒಣಗುತ್ತದೆ. ಸಂಜೆ ಹೊತ್ತು ಸ್ವಲ್ಪ ಸ್ವಲ್ಪ ಉಜ್ಜಿ. ಶುಕ್ರವಾರ ನೀರಿನ ಹನಿ ಬಿಟ್ಟು ನೋಡಿ, ಹವಾಮಾನವನ್ನೂ ನೋಡಿ. ಹಚ್ಚಿದ ಮೇಲೆ ಒಂದೆರಡು ದಿನ ಮಳೆ ಇರಬಾರದು. ಅನುಮಾನವಿದ್ದರೆ ಮುಂದಿನ ವಾರಕ್ಕೆ ಹಾಕಿ, ಉಜ್ಜಿದ ಮರಕ್ಕೆ ಒಂದು ವಾರದಲ್ಲಿ ಏನೂ ಆಗುವುದಿಲ್ಲ. ಶನಿವಾರ ರೇಲಿಂಗ್, ಭಾನುವಾರ ನೆಲ.

ರಬ್ಬರ್ ಕಾಲಿನ ಕುರ್ಚಿ, ಪ್ಲಾಸ್ಟಿಕ್ ಚಾಪೆ ಇದ್ದರೆ ಮೂರು ದಿನವೂ ಸಾಲದು, ವಾರ ಹತ್ತು ದಿನ ಬಿಡಿ. ನಾನು ಎರಡನೇ ದಿನವೇ ಒಂದು ಕುರ್ಚಿ ತಂದಿಟ್ಟಿದ್ದೆ. ಅದರ ನಾಲ್ಕು ಕಾಲಿನ ದುಂಡು ಗುರುತು ಈಗಲೂ ಹಲಗೆಯ ಮೇಲಿದೆ. ಬಂದವರು ಕೇಳಬಾರದು ಅಂತ ಕುರ್ಚಿಯನ್ನು ಅಲ್ಲಿಂದ ಕದಲಿಸಿಲ್ಲ.